ಇಲಿಯ ಮಿದುಳಿನಲ್ಲಿ ಕಂಡ ಕಪ್ಪು ಗೆರೆಗಳು

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಇಲಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅರಿವಳಿಕೆ ಕೊಟ್ಟು ಮಲಗಿಸಿದ ಇಲಿ. ಜಾಗ ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್, ಟೆಲಿಫೋನ್ ಕಂಪನಿಯ ಸಂಶೋಧನಾಲಯ. 1980ರ ದಶಕದ ಕೊನೆ. ಇಲಿ ಮಲಗಿರುವುದು ಎಂಆರ್‌ಐ ಸ್ಕ್ಯಾನರ್‌ನ 7 ಟೆಸ್ಲಾ ಅಯಸ್ಕಾಂತದೊಳಗೆ, ಅಂದರೆ ಭೂಮಿಯ ಕಾಂತಬಲಕ್ಕಿಂತ ಲಕ್ಷಪಟ್ಟು ಜಾಸ್ತಿ. ಮಿದುಳಿನ ಚಿತ್ರ ಮೂಡುತ್ತದೆ. ಅದರ ತುಂಬ ಸಣ್ಣ ಸಣ್ಣ ಕಪ್ಪು ಗೆರೆಗಳು.

ಇಲಿಗೆ ಮಾಮೂಲಿ ಗಾಳಿ ಕೊಟ್ಟರೆ ಗೆರೆ ಕಾಣುತ್ತವೆ. ಶುದ್ಧ ಆಮ್ಲಜನಕ ಕೊಟ್ಟರೆ ಮಾಯವಾಗುತ್ತವೆ. ಮತ್ತೆ ಗಾಳಿ, ಮತ್ತೆ ಗೆರೆ.

ಇದನ್ನು ನೋಡಿದವರು ಸೈಜಿ ಒಗಾವಾ. 1934ರಲ್ಲಿ ಟೋಕಿಯೋದಲ್ಲಿ ಹುಟ್ಟಿದವರು. ಓದಿದ್ದು ಭೌತವಿಜ್ಞಾನ, ಆಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ ರಸಾಯನವಿಜ್ಞಾನದ ಪಿಎಚ್‌ಡಿ. ಅಲ್ಲಿ ಅವರು ಕೈಹಾಕಿದ್ದು ರಕ್ತದ ಹಿಮೋಗ್ಲೋಬಿನ್‌ಗೆ. 1968ರಲ್ಲಿ ಬೆಲ್ ಲ್ಯಾಬ್ಸ್ ಸೇರಿದ ಮೇಲೂ ಹಿಮೋಗ್ಲೋಬಿನ್ ಬಿಡಲಿಲ್ಲ, ಆಮೇಲೆ ಜೀವಕೋಶಗಳ ಶಕ್ತಿಯ ಲೆಕ್ಕಾಚಾರವನ್ನೂ ಎಂಆರ್‌ಐಗೆ ಆಧಾರವಾದ ಕಾಂತ ಅನುರಣನದಿಂದಲೇ ಅಳೆದರು. ಮಿದುಳಿನ ಚಿತ್ರಕ್ಕೆ ಬರುವ ಹೊತ್ತಿಗೆ ಅವರ ವಯಸ್ಸು 50 ದಾಟಿತ್ತು. ಆ ವರ್ಷಗಳು ದಂಡವಾಗಲಿಲ್ಲ ಅನ್ನುವುದನ್ನು ನಾನು ಒತ್ತಿ ಹೇಳುತ್ತೇನೆ. ಬೇರೆಯವರಿಗೆ ಆ ಗೆರೆಗಳು ಚಿತ್ರ ಕೆಟ್ಟಿದ್ದರಿಂದ ಬಂದ ಕಲೆಗಳಾಗಿ ಕಾಣಬಹುದಿತ್ತು. ಅವರಿಗೆ ಮಾತ್ರ ಹಳೇ ಪರಿಚಯದವರು ಎದುರಿಗೆ ಬಂದ ಹಾಗಾಯಿತು.

ಯಾಕೆ ಅಂದರೆ, ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣ ಇದೆ. ಆಮ್ಲಜನಕ ಹೊತ್ತಿರುವಾಗ ಅದು ಅಯಸ್ಕಾಂತದ ಎಳೆತಕ್ಕೆ ಸಿಗುವುದೇ ಇಲ್ಲ. ಆಮ್ಲಜನಕ ಇಳಿಸಿದ ತಕ್ಷಣ ತಾನೇ ಒಂದು ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಇದನ್ನು 1936ರಲ್ಲೇ ಹೇಳಿದ್ದರು. ಒಗಾವಾ ಅದನ್ನು ಟೆಸ್ಟ್ ಟ್ಯೂಬ್‌ನಲ್ಲಿ ಪರೀಕ್ಷಿಸಿದರು. ಉಪ್ಪುನೀರಿನ ನಡುವೆ ರಕ್ತದ ಕೊಳವೆ ಇಟ್ಟು ಚಿತ್ರ ತೆಗೆದರೆ, ಆಮ್ಲಜನಕ ತುಂಬಿದ ರಕ್ತ ಅಚ್ಚುಕಟ್ಟಾಗಿ ದುಂಡಗೆ ಕಂಡಿತು. ಆಮ್ಲಜನಕ ಕಳೆದುಕೊಂಡ ರಕ್ತದ ಕಪ್ಪು ನೆರಳು ಕೊಳವೆಯ ಅಂಚು ದಾಟಿ ಸುತ್ತಲಿನ ನೀರಿಗೂ ಹರಡಿತ್ತು. ಮಿದುಳಿನ ತೆಳು ರಕ್ತನಾಳಗಳು ಎದ್ದು ಕಂಡದ್ದು ಇದೇ ಕಾರಣಕ್ಕೆ. 1990ರಲ್ಲಿ ಪ್ರಕಟವಾದ ಈ ವಿಧಾನಕ್ಕೆ ಅವರಿಟ್ಟ ಹೆಸರು ಬೋಲ್ಡ್ (BOLD), ಅಂದರೆ ರಕ್ತದ ಆಮ್ಲಜನಕದ ಮಟ್ಟವನ್ನು ಅವಲಂಬಿಸಿದ್ದು. ಯಾವ ಔಷಧಿಯನ್ನೂ ಚುಚ್ಚಬೇಕಿಲ್ಲ, ನಮ್ಮ ರಕ್ತವೇ ಬಣ್ಣದ ಕೆಲಸ ಮಾಡುತ್ತದೆ.

ಈಗ ನನಗೆ ತುಂಬ ಇಷ್ಟವಾದ ತಿರುವು. ಮಿದುಳಿನ ಒಂದು ಭಾಗ ಕೆಲಸಕ್ಕೆ ಇಳಿದರೆ ಅಲ್ಲಿ ಆಮ್ಲಜನಕ ಖರ್ಚಾಗಿ ಚಿತ್ರ ಕಪ್ಪಾಗಬೇಕು, ಅಲ್ವಾ? ಆಗುವುದು ಉಲ್ಟಾ, ಆ ಭಾಗ ಬೆಳ್ಳಗಾಗುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ ನೀವು ಒಂದು ಸೌಟು ಸಾರು ಕೇಳಿದರೆ ಬಡಿಸುವವರು ಮೂರು ಸೌಟು ಸುರಿದುಬಿಡುತ್ತಾರಲ್ಲ, ಹಾಗೆ ದೇಹ ಆ ಜಾಗಕ್ಕೆ ಬೇಕಾದ್ದಕ್ಕಿಂತ ಬಹಳ ಜಾಸ್ತಿ ರಕ್ತ ಕಳಿಸುತ್ತದೆ. ಪೀಟರ್ ಫಾಕ್ಸ್ ಮತ್ತು ಮಾರ್ಕಸ್ ರೈಕಲ್ ಇದನ್ನು 1986ರಲ್ಲೇ ಬೇರೆ ಬಗೆಯ ಸ್ಕ್ಯಾನರ್‌ನಿಂದ ತೋರಿಸಿದ್ದರು.

1992ರಲ್ಲಿ ಮನುಷ್ಯರ ಸರದಿ. ಒಗಾವಾ ಮಿನೆಸೋಟಾದ ಕಮಿಲ್ ಉಗುರ್ಬಿಲ್ ಅವರ ತಂಡದ ಜೊತೆ ಸೇರಿದರು. ಅದೇ ವರ್ಷ ಬಾಸ್ಟನ್‌ನಲ್ಲಿ ಕೆನೆತ್ ಕ್ವಾಂಗ್, ವಿಸ್ಕಾನ್ಸಿನ್‌ನಲ್ಲಿ ಪೀಟರ್ ಬ್ಯಾಂಡೆಟ್ಟಿನಿ ಮತ್ತು ಸಂಗಡಿಗರೂ ಫಲಿತಾಂಶ ಪ್ರಕಟಿಸಿದರು. ಒಳಗೆ ಮಲಗಿದವರ ಕಣ್ಣಿಗೆ ಬೆಳಕು ಬಿಟ್ಟರೆ ತಲೆಯ ಹಿಂಭಾಗದ ದೃಷ್ಟಿ ಪ್ರದೇಶದ ಸಂಕೇತ ಏರಿತು, ಬೆಳಕು ಆರಿಸಿದರೆ ಇಳಿಯಿತು. ಏರಿಕೆ ನೂರಕ್ಕೆ ಕೆಲವೇ ಪಾಲು. ಅಷ್ಟು ಸಣ್ಣ ಏರಿಳಿತದ ಮೇಲೆ ಎಫ್‌ಎಂಆರ್‌ಐ, ಅಂದರೆ ಕೆಲಸದಲ್ಲಿರುವ ಮಿದುಳನ್ನು ತೋರಿಸುವ ಎಂಆರ್‌ಐ, ಎಂಬ ಒಂದು ಇಡೀ ವಿಜ್ಞಾನ ನಿಂತಿದೆ. ಮಿದುಳಿನ ಗಡ್ಡೆ ತೆಗೆಯುವ ಮೊದಲು ರೋಗಿಗೆ ಬೆರಳು ಆಡಿಸಲು ಹೇಳಿ, ಮನಸ್ಸಿನಲ್ಲೇ ಪದಗಳನ್ನು ನೆನೆಯಲು ಹೇಳಿ, ಕೈ ಮತ್ತು ಮಾತಿನ ಜಾಗ ಎಲ್ಲಿದೆ ಎಂದು ವೈದ್ಯರು ಗುರುತಿಸಿಕೊಳ್ಳುವುದು ಇದರಿಂದಲೇ.

ಒಂದು ಮಾತು ಮಾತ್ರ ನೆನಪಿಡಿ. ಪತ್ರಿಕೆಗಳಲ್ಲಿ ಕೆಂಪು, ಹಳದಿ ಮಚ್ಚೆಗಳ ಮಿದುಳಿನ ಚಿತ್ರ ಹಾಕಿ ‘ಪ್ರೀತಿ ಇಲ್ಲಿದೆ, ಭಯ ಇಲ್ಲಿದೆ’ ಎಂದು ಬರೆದಿರುತ್ತಾರೆ. ಆ ಬಣ್ಣ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ಹಚ್ಚಿದ್ದು. ಸ್ಕ್ಯಾನರ್ ಕಂಡದ್ದು ರಕ್ತವನ್ನು, ಯೋಚನೆಯನ್ನಲ್ಲ. ನರಕೋಶಗಳು ಮಿಲಿಸೆಕೆಂಡುಗಳಲ್ಲಿ ಮಾತಾಡಿ ಮುಗಿಸುತ್ತವೆ, ರಕ್ತದ ಸಂಕೇತ ತುದಿ ಮುಟ್ಟಲು ಸುಮಾರು 5 ಸೆಕೆಂಡು ಬೇಕು.

ಈ ಕೊರತೆ ಒಗಾವಾ ಅವರನ್ನು ಸುಮ್ನೆ ಕೂರಲು ಬಿಡಲಿಲ್ಲ. 2000ದಲ್ಲಿ, 66ನೇ ವಯಸ್ಸಿನಲ್ಲಿ, ಅವರು ಮತ್ತೊಂದು ಉಪಾಯ ಪ್ರಕಟಿಸಿದರು. ಒಂದರ ಹಿಂದೆ ಒಂದು, ಮಿಲಿಸೆಕೆಂಡುಗಳ ಅಂತರದಲ್ಲಿ, ಎರಡು ಪ್ರಚೋದನೆ ಕೊಡುವುದು. ಮೊದಲನೆಯದರ ಗುಂಗಿನಲ್ಲೇ ಇರುವ ಮಿದುಳು ಎರಡನೆಯದಕ್ಕೆ ಎಷ್ಟು ಕಮ್ಮಿ ಸ್ಪಂದಿಸುತ್ತದೆ ಎಂದು ಅಳೆಯುವುದು. ಆ ಅಂತರವನ್ನು ಹೆಚ್ಚುಕಮ್ಮಿ ಮಾಡುತ್ತಾ ಹೋದರೆ, ನಿಧಾನದ ರಕ್ತದಿಂದಲೇ ನರಕೋಶಗಳ ವೇಗದ ಸುಳಿವು ಸಿಗುತ್ತದೆ. ಈ ಪ್ರಯೋಗಕ್ಕೂ ಮನುಷ್ಯರ ಜೊತೆಗೆ ಇಲಿಗಳಿದ್ದವು. ಮುಂಗಾಲಿಗೆ ಸಣ್ಣದೊಂದು ವಿದ್ಯುತ್ ಮಿಡಿತ, ಕ್ಷಣ ಬಿಟ್ಟು ಇನ್ನೊಂದು.