ಪ್ಯಾಕೆಟ್ ಮೇಲಿನ ನಂಬರ್ ನೋಡಿ ಯೀಸ್ಟ್ ಕೊಳ್ಳಬೇಡಿ

ಸ್ಟ್ರಾಂಗ್ ಬಿಯರ್ ಮಾಡಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ಒಂದೇ ಪ್ರಶ್ನೆ. ಈ ಯೀಸ್ಟ್ ಎಷ್ಟು ಆಲ್ಕೋಹಾಲ್ ತಡೆದುಕೊಳ್ಳುತ್ತೆ? 11%? 15%? ನಂಬರ್ ದೊಡ್ಡದಿದ್ದಷ್ಟೂ ಯೀಸ್ಟ್ ಒಳ್ಳೇದು ಅನ್ನುವ ಲೆಕ್ಕ. ನನ್ನ ಲೆಕ್ಕವೂ ಹಾಗೇ ಇತ್ತು.

ನಾನಿರುವುದು ಅಮೆರಿಕದಲ್ಲಿ. ಇಲ್ಲಿ ಮನೆಯಲ್ಲೇ ಬಿಯರ್ ಮಾಡಿಕೊಳ್ಳಬಹುದು. ಬೆಂಗಳೂರಲ್ಲಿ ಲೈಸೆನ್ಸ್ ಇಲ್ಲದೆ ಮಾಡುವ ಹಾಗಿಲ್ಲ, ಅದು ನೆನಪಿರಲಿ. ನನ್ನ ಮೊದಲ ಬಾರ್ಲಿವೈನ್ (ಹೆಸರಿಗೆ ವೈನ್, ಅಸಲಿಗೆ ತುಂಬಾ ಸ್ಟ್ರಾಂಗ್ ಬಿಯರ್) 19 ಲೀಟರ್, ಶುರುವಿನ ಗ್ರ್ಯಾವಿಟಿ 1.105. ಗ್ರ್ಯಾವಿಟಿ ಅಂದರೆ ಸಿಹಿ ರಸದ ಸಾಂದ್ರತೆ, ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡಿದ ಹಾಗೆ ಅದು ಇಳಿಯುತ್ತೆ. ಏಲ್ ಎಂಬ ಬಗೆಯ ಬಿಯರಿಗೆ ಬಳಸುವ ಮಾಮೂಲಿ ಅಮೆರಿಕನ್ ಯೀಸ್ಟ್ ಒಂದು ಪ್ಯಾಕೆಟ್ ಹಾಕಿ ಮಲಗಿದೆ. ಎರಡು ವಾರದ ಮೇಲೆ ನೋಡಿದರೆ 1.042ಕ್ಕೆ ನಿಂತುಬಿಟ್ಟಿದೆ. 8% ಆಲ್ಕೋಹಾಲ್, ಬಾಯಿಗಿಟ್ಟರೆ ಜೋನಿ ಬೆಲ್ಲ.

ಎಲ್ಲರೂ ಹೇಳುವ ಮದ್ದು ಒಂದಿದೆಯಲ್ಲ, ಷಾಂಪೇನ್ ಯೀಸ್ಟ್. 18% ತಡೆದುಕೊಳ್ಳುತ್ತೆ. ಹಾಕಿದೆ. ಗ್ರ್ಯಾವಿಟಿ ಒಂದು ಪಾಯಿಂಟೂ ಇಳಿಯಲಿಲ್ಲ. ಯಾಕೆ ಅಂತ ಆಮೇಲೆ ಗೊತ್ತಾಯಿತು. ಅದು ದ್ರಾಕ್ಷಿ ರಸದ ಸಕ್ಕರೆ ತಿಂದು ಬೆಳೆದ ಜಾತಿ. ಮಾಲ್ಟ್‌ನಲ್ಲಿ ಕೊನೆಗೆ ಉಳಿಯುವ ಮಾಲ್ಟೋಟ್ರಯೋಸ್ ಎಂಬ ಸಕ್ಕರೆ ಅದಕ್ಕೆ ಸೇರುವುದಿಲ್ಲ. ಸಾಲದ್ದಕ್ಕೆ ಅದು ಬಿಡುವ ವಿಷಕ್ಕೆ ಏಲ್ ಯೀಸ್ಟ್ ಸಾಯುತ್ತೆ. ಬಿದ್ದವನನ್ನು ಎಬ್ಬಿಸಲು ಕರೆದವನೇ ಕತ್ತು ಹಿಚುಕಿದ ಹಾಗಾಯಿತು.

ತಪ್ಪು ಯೀಸ್ಟ್‌ನದ್ದಲ್ಲ, ನನ್ನದು. ಒಂದು ಹಂಡೆ ಹಾಲಿಗೆ ಒಂದು ಹನಿ ಹೆಪ್ಪು ಹಾಕಿ ಬೆಳಗ್ಗೆ ಗಟ್ಟಿ ಮೊಸರು ಕೇಳಿದರೆ ಹೇಗೆ? ಏಲ್‌ಗೆ ಪ್ರತಿ ಮಿಲಿಲೀಟರಿಗೆ, ಪ್ರತಿ ಡಿಗ್ರಿ ಪ್ಲೇಟೋಗೆ (ರಸದ ಸಕ್ಕರೆ ಅಳೆಯುವ ಇನ್ನೊಂದು ಮಾಪಕ) ಏಳೂವರೆ ಲಕ್ಷ ಯೀಸ್ಟ್ ಕೋಶ ಬೇಕು. 1.105 ಅಂದರೆ ಸುಮಾರು 25 ಪ್ಲೇಟೋ. ಗುಣಿಸಿ ನೋಡಿ, 35,000 ಕೋಟಿ ದಾಟುತ್ತೆ. 11.5 ಗ್ರಾಂ ಪ್ಯಾಕೆಟ್ಟಿನಲ್ಲಿ ಅದರ ಮೂರನೇ ಒಂದು ಭಾಗ ಸಿಕ್ಕರೆ ಪುಣ್ಯ. ಮೂರು ಪ್ಯಾಕೆಟ್ ಹಾಕಿ ಅಂದರೆ ದುಡ್ಡು ದಂಡ ಅಂತೀರಾ? ಹಾಗಾದರೆ ಮೊದಲು ಅದೇ ಯೀಸ್ಟಲ್ಲಿ 4.5%ನ ಹಗುರ ಪೇಲ್ ಏಲ್ ಮಾಡಿ. ಅದನ್ನು ಕುಡಿಯಿರಿ, ತಳದ ಯೀಸ್ಟ್ ಗಷ್ಟನ್ನು ಬಾರ್ಲಿವೈನ್‌ಗೆ ಹಾಕಿ. ನನಗೆ ಇದಕ್ಕಿಂತ ಒಳ್ಳೆಯ ಹೆಪ್ಪು ಗೊತ್ತಿಲ್ಲ.

ಆದರೆ ಆ ಗಷ್ಟು ಆಗಲೇ ಒಂದು ಸಲ ದುಡಿದು ದಣಿದಿರುತ್ತೆ, ಅದಕ್ಕೆ ಆಮ್ಲಜನಕ ಬೇಕು. ಅದಿದ್ದರೇನೇ ಯೀಸ್ಟ್ ಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಮಾಡಿಕೊಳ್ಳುವುದು, ಕೋಶದ ಪೊರೆ ಗಟ್ಟಿಮುಟ್ಟಾಗುವುದು. ಆ ಪೊರೆಯೇ ಆಲ್ಕೋಹಾಲ್ ತಡೆದುಕೊಳ್ಳುವುದು. ಒಣ ಯೀಸ್ಟ್‌ಗೆ ಕಾರ್ಖಾನೆಯವರು ಈ ಬುತ್ತಿ ಕಟ್ಟಿಯೇ ಕಳಿಸಿರುತ್ತಾರೆ, ಗಷ್ಟಿಗೆ ನೀವೇ ಕೊಡಬೇಕು. ಗಟ್ಟಿ ವರ್ಟ್‌ನಲ್ಲಿ (ಯೀಸ್ಟ್ ಹಾಕುವ ಮಾಲ್ಟಿನ ಸಿಹಿ ರಸ) ಆಮ್ಲಜನಕ ಕರಗುವುದೂ ಕಡಿಮೆ. ಅದಕ್ಕೇ ಮೊದಲ ದಿನವೇ ಎರಡು ಸಲ ಕೊಡಿ.

ಆಲ್ಕೋಹಾಲ್ ಏರಿಸಲು ಸಕ್ಕರೆ ಸೇರಿಸುವವರು ಸ್ವಲ್ಪ ತಾಳಿ. ಎಲೆಗೆ ಮೊದಲೇ ಹೋಳಿಗೆ ಬಡಿಸಿದರೆ ಅನ್ನ ಸಾರು ಯಾರು ತಿಂತಾರೆ? ಯೀಸ್ಟೂ ಅಷ್ಟೇ, ಗ್ಲೂಕೋಸ್ ಕಂಡರೆ ಮಾಲ್ಟಿನ ಸಕ್ಕರೆಯಾದ ಮಾಲ್ಟೋಸ್ ಮರೆಯುತ್ತೆ. ಮೂರ್ನಾಲ್ಕು ದಿನ ಬಿಟ್ಟು ಹಾಕಿ. ಶುರುವಿನಲ್ಲಿ 18 ಡಿಗ್ರಿ ದಾಟಿಸಬೇಡಿ, ಇಲ್ಲದಿದ್ದರೆ ಫ್ಯೂಸೆಲ್ ಎಂಬ ಘಾಟು ಆಲ್ಕೋಹಾಲ್ ಹುಟ್ಟಿ ಥಿನ್ನರ್ ವಾಸನೆ ಹೊಡೆಯುತ್ತೆ. ಹಾಂ, ಕ್ವೈಕ್ ಕೇಳ್ತೀರಿ ಅಂತ ಗೊತ್ತು. ನಾರ್ವೆಯ ಆ ಹಳ್ಳಿ ಯೀಸ್ಟ್ 35 ಡಿಗ್ರಿಯಲ್ಲೂ ನಗುನಗ್ತಾ ಕೆಲಸ ಮಾಡುತ್ತೆ. ಅದರ ಕಥೆ ಇನ್ನೊಂದು ಎಪಿಸೋಡಿಗೆ.

ನನ್ನ ಮಾತು ನಂಬದಿದ್ದರೆ ಸ್ಯಾಮಿಕ್ಲೌಸ್ ನೋಡಿ. 1979ರಲ್ಲಿ ಜ್ಯೂರಿಕ್‌ನ ಹ್ಯೂರ್ಲಿಮಾನ್ ಬ್ರೂವರಿ ಶುರು ಮಾಡಿದ ಬಿಯರ್ ಅದು. ಈಗ ಆಸ್ಟ್ರಿಯಾದ ಎಗ್ಗೆನ್‌ಬರ್ಗ್ ಬ್ರೂವರಿಯವರು ಅದನ್ನು ವರ್ಷಕ್ಕೊಮ್ಮೆ, ಡಿಸೆಂಬರ್ 6ಕ್ಕೆ ಕುದಿಸುತ್ತಾರೆ. 14%, ಅದೂ ಸಾಮಾನ್ಯವಾಗಿ ಹಗುರ ಬಿಯರಿಗೆ ಬಳಸುವ ಲಾಗರ್ ಯೀಸ್ಟ್‌ನಲ್ಲಿ! ತಿಂಗಳುಗಟ್ಟಲೆ ಕಾಯುತ್ತಾರೆ, ಅಲ್ವಾ, ಅವರಿಗೆ ಅವಸರವಿಲ್ಲ. ಇನ್ನು ವೈಟ್ ಲ್ಯಾಬ್ಸ್ ಕಂಪನಿಯ 099 ನಂಬರಿನ ಯೀಸ್ಟ್, 25% ಅಂತ ಹೆಸರು ಮಾಡಿದ್ದು. ಅದನ್ನು ಅಲ್ಲಿಗೆ ಮುಟ್ಟಿಸಬೇಕಾದರೆ ದಿನಾ ಸ್ವಲ್ಪ ಸ್ವಲ್ಪ ವರ್ಟ್ ಉಣಿಸಬೇಕು, ಮಗುವಿಗೆ ತುತ್ತು ಕೊಟ್ಟ ಹಾಗೆ. ಸುಮ್ನೆ ಸುರಿದು ಮುಚ್ಚಿಟ್ಟರೆ ಆ ನಂಬರಿಗೆ ಬೆಲೆಯಿಲ್ಲ.

ಎರಡನೇ ಸಲ ಅದೇ ರೆಸಿಪಿ, ಅದೇ ಏಲ್ ಯೀಸ್ಟ್. ಪೇಲ್ ಏಲ್‌ನ ಗಷ್ಟು, ಎರಡು ಸಲ ಆಮ್ಲಜನಕ. 1.024ಕ್ಕೆ ಇಳಿಯಿತು. ಹತ್ತೂವರೆ ಪರ್ಸೆಂಟ್. ಷಾಂಪೇನ್ ಯೀಸ್ಟ್ ಪ್ಯಾಕೆಟ್ ಇನ್ನೂ ಫ್ರಿಜ್ಜಿನಲ್ಲಿದೆ, ಎಸೆದಿಲ್ಲ. ಬಾಟಲಿಗೆ ತುಂಬುವಾಗ ಚಿಟಿಕೆ ಹಾಕುತ್ತೇನೆ. ಅಲ್ಲಿ ಅದಕ್ಕೆ ಸಿಗುವುದು ಗ್ಯಾಸಿಗೆ ಅಂತ ಹಾಕಿದ ಬರೀ ಸಕ್ಕರೆ, ಗ್ಯಾಸ್ ಚೆನ್ನಾಗಿ ಹಿಡಿಸುತ್ತೆ.