ತೂಕ ಇದ್ದ ಹುಡುಗಗ ‘ಓಡು’ ಅನ್ನೂದು ಮೊದಲ ಬಿಡ್ರಿ

ನಮಸ್ಕಾರ್ರಿ ಎಲ್ಲಾರಿಗೂ. ಇವತ್ತಿನ ಮಾತು ಕಾಲೇಜಿಗೆ ಹೋಗೂ, ತೂಕ ಜಾಸ್ತಿ ಇರೂ ಹುಡುಗೂರ ಎದಿ ಬಗ್ಗೆ. ಎದಿ ಅಂದ್ರ ಒಳಗ ಬಡಿಯೂ ಹೃದಯ ಮತ್ತ, ಕನ್ನಡಿ ಮುಂದ ಉಬ್ಬಿಸಿ ನೋಡ್ಕೊಳ್ಳೂದು ಅಲ್ಲ.

ವಿಜಯಪುರದಾಗ ಮುಂಜಾನಿ ಗೋಳಗುಮ್ಮಟದ ಕಡೆ ಇಲ್ಲಾ ಅಂಬೇಡ್ಕರ್ ಕ್ರೀಡಾಂಗಣದ ಕಡೆ ಹೋಗಿ ನೋಡ್ರಿ. ದಪ್ಪ ಇದ್ದ ಹುಡುಗ ತೇಕ್ಕೋತ ಸುತ್ತು ಹೊಡೀತಿರ್ತಾನ. ಅವನ ವಾರಿಗಿಯ ಸಣಕಲ ಹುಡುಗ ಸಂಜಿಗೆ ಜಿಮ್ಮಿನ್ಯಾಗ ಡಂಬೆಲ್ ಎತ್ತತಿರ್ತಾನ. ದಪ್ಪ ಇದ್ದವ ಓಡಬೇಕು, ತೆಳ್ಳಗ ಇದ್ದವ ಭಾರ ಎತ್ತಬೇಕು. ಈ ಪಾಲು ಯಾರು ಮಾಡಿದರೋ ಗೊತ್ತಿಲ್ಲ, ಖರೇ ಹೇಳಬೇಕಂದ್ರ ಇಬ್ಬರಿಗೂ ಮೋಸ. ನನ್ನ ವಾದ ಇಷ್ಟ: ತೂಕ ಇದ್ದ ಹುಡುಗ ಒಂದ ತಾಸಿನ್ಯಾಗ ಮೊದಲ ಭಾರ ಎತ್ತಬೇಕು, ಆಮ್ಯಾಲ ಬಿರುಸಾಗಿ ನಡೀಬೇಕು. ಓಟ ಮುಂದ ಯಾವಾಗರೆ ಬರಲಿ, ಬರದಿದ್ರೂ ನಡೀತದ.

ಯಾಕ ಓಟ ಬ್ಯಾಡ? ಸಪಾಟ ನೆಲದ ಮ್ಯಾಲ ಸುಮ್ನ ನಡೆಯುವಾಗನ ಮೊಣಕಾಲಿನ ಮ್ಯಾಲ ಮೈತೂಕದ ಎರಡರಿಂದ ಮೂರು ಪಟ್ಟು ಒತ್ತಡ ಬೀಳ್ತದ. 100 ಕೆ.ಜಿ. ಹುಡುಗಗ ಅದು ಹೆಜ್ಜಿಗೆ ಎರಡು-ಮೂರು ಕ್ವಿಂಟಲ್. ಓಡಿದ್ರ ಇನ್ನೂ ಜಾಸ್ತಿ. ಮೂರನೇ ದಿನಕ್ಕ ತೊಡಿ ಉಜ್ಜಿ ಉರಿ ಏಳ್ತದ, ಎರಡನೇ ವಾರಕ್ಕ ಮೊಣಕಾಲ ಕೆಳಗಿನ ಮುಂದಿನ ಎಲುಬು ನೋಯ್ತದ, ನಾಲ್ಕನೇ ವಾರಕ್ಕ ಹುಡುಗ ಮನ್ಯಾಗ. ಎಲ್ಲಾರೂ ಅವನಿಗೆ ಆಲಸಿ ಅಂತಾರ. ಆಲಸಿತನ ಎಲ್ಲಿಂದ ಬಂತು, ಕಾಲಿನ ಸ್ನಾಯುವಿಗೆ ತಯಾರಿನ ಇರಲಿಲ್ಲ.

ಹಂಗಂತ ಬರೇ ಭಾರ ಎತ್ತಿದ್ರ ಸಾಕಾ? ಸಾಲೂದಿಲ್ಲ. 2024ರಾಗ ಅಮೆರಿಕಾದ ಅಯೋವಾದಿಂದ ಒಂದು ಅಧ್ಯಯನ ಬಂತು. ತೂಕ ಹೆಚ್ಚಿದ್ದ, ಬಿಪಿ ಏರಿದ್ದ 406 ಜನ, ವಾರಕ್ಕ 3 ದಿನ, ದಿನಕ್ಕ 1 ತಾಸು, ಪೂರಾ ಒಂದು ವರ್ಷ. ಬರೇ ಕಾರ್ಡಿಯೋ, ಅಂದ್ರ ನಡಿಗಿ, ಸೈಕಲ್ಲಿನಂಥಾ ದಮ್ಮಿನ ವ್ಯಾಯಾಮ ಮಾಡಿದವರಿಗೂ, ಅದ ತಾಸಿನ್ಯಾಗ ಅರ್ಧ ಕಾರ್ಡಿಯೋ ಅರ್ಧ ಸ್ಟ್ರೆಂತ್, ಅಂದ್ರ ಭಾರ ಎತ್ತೂದು ಮಾಡಿದವರಿಗೂ ಬಿಪಿ, ಕೊಲೆಸ್ಟ್ರಾಲ್, ಶುಗರ್, ಕೊಬ್ಬು ಎಲ್ಲಾ ಕೂಡಿಸಿದ ಹೃದಯದ ಅಪಾಯ ಹೆಚ್ಚುಕಮ್ಮಿ ಒಂದ ಸಮ ಇಳೀತು. ಬರೇ ಭಾರ ಎತ್ತಿದವರಿಗೆ ಹಂಗ ಇಳೀಲಿಲ್ಲ. ಅಂದ್ರ ಕಾರ್ಡಿಯೋದ ಅರ್ಧ ವ್ಯಾಳ್ಯಾ ಭಾರಕ್ಕ ಕೊಟ್ರೂ ಹೃದಯಕ್ಕ ಏನೂ ಕಡಿಮಿ ಆಗಲಿಲ್ಲ, ಮ್ಯಾಲ ಸ್ನಾಯುವಿನ ಶಕ್ತಿ ಪುಕ್ಕಟ ಸಿಕ್ತು. ಅವರೆಲ್ಲಾ 35ರಿಂದ 70 ವಯಸ್ಸಿನವರು, ನಮ್ಮ ಹುಡುಗೂರು ಅಲ್ಲ ಅಂತೀರಿ. ಖರೇ. ಆದ್ರ 2014ರಾಗ ಕೆನಡಾದ ಅಧ್ಯಯನದಾಗ 14ರಿಂದ 18 ವಯಸ್ಸಿನ 304 ಹುಡುಗೂರು ಇದ್ರು. ತಪ್ಪದ ಬಂದು ಮಾಡಿದವರೊಳಗ ಎರಡೂ ಕೂಡಿಸಿದವರ ಕೊಬ್ಬು, ಬರೇ ಕಾರ್ಡಿಯೋದವರಕಿಂತ ಜಾಸ್ತಿ ಕರಗಿತು.

ಒಳಗ ನಡಿಯೂದು ಹಿಂಗ. ಮೈ ದೊಡ್ಡದಾದಂಗ ರಕ್ತದ ಪ್ರಮಾಣ ಹೆಚ್ಚಾಗ್ತದ, ಹೃದಯ ದಿನಾ ಹೆಚ್ಚು ರಕ್ತ ತಳ್ಳಬೇಕಾಗ್ತದ, ವರ್ಷಾನುಗಟ್ಟಲೆ ತಳ್ಳಿ ತಳ್ಳಿ ಅದರ ಗ್ವಾಡಿ ದಪ್ಪ ಆಗ್ತದ. ಬಿರುಸಿನ ನಡಿಗಿ ಒಂದೊಂದು ಬಡಿತಕ್ಕ ಹೆಚ್ಚು ರಕ್ತ ತಳ್ಳೂದನ್ನ ಕಲಿಸ್ತದ, ರಕ್ತನಾಳ ಸಡಿಲ ಇಡ್ತದ. ಭಾರ ಎತ್ತೂದರ ಕೆಲಸ ಬ್ಯಾರೆ. ಉಂಡ ರೊಟ್ಟಿಯ ಸಕ್ಕರಿಯನ್ನ ರಕ್ತದಿಂದ ಎಳಕೊಂಡು ಇಟ್ಕೊಳ್ಳೂ ದೊಡ್ಡ ಕಣಜ ಅಂದ್ರ ಸ್ನಾಯು. ಊಟ ಬಿಟ್ಟು ತೂಕ ಇಳಿಸಿದ್ರ ಕೊಬ್ಬಿನ ಜೋಡಿ ಈ ಕಣಜಾನೂ ಕರಗ್ತದ.

ಈಗ ಮಾಡೂದು ಹೆಂಗ ನೋಡೂಣು. ವಾರಕ್ಕ 3 ದಿನ, ನಡಕ ಒಂದೊಂದು ದಿನ ಬಿಟ್ಟು. ಮೊದಲ 5 ನಿಮಿಷ ಸಾವಕಾಶ ನಡೆದು ಮೈ ಬೆಚ್ಚಗ ಮಾಡ್ಕೋರಿ. ಆಮ್ಯಾಲ ಕುರ್ಚಿ. ಹೌದ್ರಿ, ಕುರ್ಚಿ. ಗ್ವಾಡಿಗೆ ಹಚ್ಚಿ ಇಟ್ಟ ಗಟ್ಟಿ ಕುರ್ಚಿ, ಪ್ಲಾಸ್ಟಿಕ್ಕಿಂದು ಬ್ಯಾಡ. ಕೈ ಊರದ ಎದ್ದು ನಿಲ್ಲೂದು, 3 ಎಣಿಸಿಕೋತ ಕೆಳಗ ಇಳಿಯೂದು, ಕುಂಡಿ ಕುರ್ಚಿಗೆ ತಾಗಿದ ಕೂಡಲೆ ಮತ್ತ ಏಳೂದು. ದಪ್ ಅಂತ ಬಿದ್ದು ಕೂತ್ರ ಆ ಸಲ ಲೆಕ್ಕಕ್ಕಿಲ್ಲ. ಏಳುವಾಗ ಎರಡೂ ಮೊಣಕಾಲು ಒಳಗ ವಾಲಿದ್ರ ಕುರ್ಚಿ ಮ್ಯಾಲ ಒಂದು ಉಸುಕಿನ ಚೀಲ ಇಲ್ಲಾ ದಪ್ಪ ದಿಂಬು ಇಟ್ಟು ಎತ್ತರ ಮಾಡ್ಕೋರಿ. ನಮ್ಮ ಗರಡಿಮನ್ಯಾಗ ಬಸ್ಕಿ ಅಂತ ಇದನ್ನ ಪೂರಾ ಕೆಳಗ ಕೂತು ಹೊಡೀತಾರ. ಪೈಲ್ವಾನರಿಗೆ ಅದು ಚಲೋ, ಮೊದಲ ತಿಂಗಳದಾಗ ನಿಮಗ ಬ್ಯಾಡ. ಬಸ್ಕಿಯನ್ನ ಶಾಲ್ಯಾಗ ಶಿಕ್ಷಾ ಮಾಡಿಬಿಟ್ಟೀವಿ ನೋಡ್ರಿ, ಅದಕ್ಕ ಹುಡುಗೂರಿಗೆ ಆ ಹೆಸರು ಕೇಳಿದ್ರನ ಸಿಟ್ಟು.

ಎರಡನೇದು, ಗ್ವಾಡಿಗೆ ಕೈ ಊರಿ ಪುಶಪ್. ಹಗುರ ಅನಿಸಿದ್ರ ಕಟ್ಟಿ ಮ್ಯಾಲ ಕೈ ಊರ್ರಿ, ನೆಲಕ್ಕ ಆಮ್ಯಾಲ ಬರೂಣು. ಮೂರನೇದು ಎಳಿಯೂದು. ಸೈಕಲ್ ರಿಪೇರಿ ಅಂಗಡ್ಯಾಗ ಹಳೇ ಟ್ಯೂಬು ಸಿಗ್ತದ, ಅದನ್ನ ಗಟ್ಟಿ ಕಂಬಕ್ಕ ಸುತ್ತಿ ಎರಡೂ ತುದಿ ಹಿಡಿದು ಮೊಣಕೈ ಹಿಂದಕ್ಕ ಎಳೀರಿ. ಪ್ಯಾಚ್ ಹಾಕಿದ ಟ್ಯೂಬು ತರಬ್ಯಾಡ್ರಿ, ಹರಿದು ಮುಖಕ್ಕ ಬಡೀತದ. ನಾಲ್ಕನೇದು, 5 ಲೀಟರಿನ ಎರಡು ನೀರಿನ ಕ್ಯಾನು ಎರಡೂ ಕೈಯಾಗ ಹಿಡಿದು 30 ಹೆಜ್ಜಿ ನಡಿಯೂದು. ಲೀಟರಿಗೆ 1 ಕೆ.ಜಿ., ಅಳೀಲಿಕ್ಕೆ ಸಸಾರ. ಕ್ಯಾನು ಅರ್ಧ ತುಂಬಿದ್ರ ನೀರು ಕುಲುಕಿ ಮಣಿಕಟ್ಟು ಜಗ್ತದ, ಅದಕ್ಕ ಪೂರಾ ತುಂಬಿದ ಸಣ್ಣ ಕ್ಯಾನನ ಹಿಡೀರಿ.

ಒಂದೊಂದರದು 2 ಸೆಟ್, ಅಂದ್ರ 2 ಸುತ್ತು, ಸೆಟ್ಟಿಗೆ 10ರಿಂದ 12 ಸಲ. ಕ್ಯಾನಿಂದು 2 ಸಲ. ನಡಕ 1 ನಿಮಿಷ ವಿಶ್ರಾಂತಿ. ಇನ್ನೂ ಎರಡು-ಮೂರು ಮಾಡಬಹುದಿತ್ತು ಅನ್ನೂವಾಗನ ನಿಲ್ಲಸ್ರಿ. ಸಾಲಾಗಿ ಎರಡು ದಿನ 12 ಆರಾಮ ಆದ್ರ ಮುಂದಿನ ಸಲ ಭಾರ ಹೆಚ್ಚಸ್ರಿ: ಬೆನ್ನಿಗೆ ಪುಸ್ತಕದ ಬ್ಯಾಗು ಹಾಕ್ಕೊಂಡು ಕುರ್ಚಿಯಿಂದ ಏಳ್ರಿ, ಶುರುವಿಗೆ 2 ಕೆ.ಜಿ. ಸಾಕು. ಎಲ್ಲಾರೂ ಮಾಡೂ ತಪ್ಪು ಉಸಿರಿಂದು. ಭಾರ ಎತ್ತುವಾಗ ಉಸಿರು ಬಿಗಿ ಹಿಡಿದ್ರ ಬಿಪಿ ಒಮ್ಮೆಲೆ ಜಿಗೀತದ, ತಲಿ ಗಿಮ್ ಅಂತದ. ಏಳುವಾಗ ಬಾಯಿಲೆ ಎಣಸ್ರಿ, ಜೋರಾಗಿ. ಎಣಿಸೂ ಬಾಯಿಯಿಂದ ಉಸಿರು ತಾನ ಹೊರಗ ಬರ್ತದ.

ಆಮ್ಯಾಲ ನಡಿಗಿ. ಮೊದಲನೇ ವಾರ 10 ನಿಮಿಷ, ವಾರಕ್ಕ 3 ನಿಮಿಷ ಕೂಡಸ್ಕೋತ 30ಕ್ಕ ಮುಟ್ಟಸ್ರಿ. ವೇಗ ಎಷ್ಟು? ಮಾತಾಡಲಿಕ್ಕೆ ಬರಬೇಕು, ಭಜನಿ ಪದ ಹಾಡಲಿಕ್ಕೆ ಬರಬಾರದು. ಲೆಕ್ಕ ಬೇಕಂದ್ರ 220ರಾಗ ವಯಸ್ಸು ಕಳೀರಿ. 20 ವರ್ಷದವಗ 200. ಅದರ 64ರಿಂದ 76 ಪ್ರತಿಶತ, ನಿಮಿಷಕ್ಕ 128ರಿಂದ 152 ಬಡಿತ. ನಿಂತ ಕೂಡಲೆ ಮಣಿಕಟ್ಟಿನ ನಾಡಿ 15 ಸೆಕೆಂಡ್ ಎಣಸ್ರಿ, 32ರಿಂದ 38 ಬಂದ್ರ ಬರೋಬ್ಬರಿ. ಇದು ಅಂದಾಜು, ಹತ್ತು ಬಡಿತ ಆಚೀಚೆ ಆದ್ರ ಗಾಬರಿ ಬ್ಯಾಡ. ತೊಡಿ ಉಜ್ಜೂದಕ್ಕ ಉದ್ದನ ಬಿಗಿ ಚಡ್ಡಿ, ಇಲ್ಲಾ ವ್ಯಾಸ್ಲಿನ್. ಚಪ್ಪಲ್ ಹಾಕ್ಕೊಂಡು ನಡೀಬ್ಯಾಡ್ರಿ. ಸೈಕಲ್ ಇದ್ದವರು ಸೈಕಲ್ ಹೊಡೀರಿ, ಮೊಣಕಾಲಿಗೆ ಇನ್ನೂ ಚಲೋ. ನಮ್ಮ ಜಿಲ್ಲಾ ಸೈಕ್ಲಿಂಗಿಗೆ ಹೆಸರಾದದ್ದು, ನಾಚಿಕಿ ಯಾಕ? ಮಿಕ್ಕ ದಿನಗಳಾಗ ಎರಡು ದಿನರೆ ಬರೇ ಇದ ನಡಿಗಿ ಇರಲಿ, ಅಂದ್ರ ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳೂ ವಾರದ 150 ನಿಮಿಷದ ಗಡಿ ಮುಟ್ಟತದ. 18ರ ಒಳಗಿನವರಿಗೆ ಅದರ ಲೆಕ್ಕ ದಿನಕ್ಕ ಸರಾಸರಿ 60 ನಿಮಿಷ.

ಏಪ್ರಿಲ್-ಮೇದಾಗ ನಮ್ಮ ಬಿಸಲು 40 ಡಿಗ್ರಿ ದಾಟ್ತದ. ಹೊತ್ತು ಏರೂದರೊಳಗ ಮುಗಸ್ರಿ. ಹೊಟ್ಟಿಗೆ ಪ್ಲಾಸ್ಟಿಕ್ ಸುತ್ತಿಕೊಂಡು ಬೆವರು ಸುರಿಸೂ ಹುಚ್ಚಾಟ ಬಿಡ್ರಿ. ಹೋಗೂದು ನೀರು, ಎರಡು ತಂಬಿಗಿ ಕುಡಿದ್ರ ತೂಕ ಅಲ್ಲೇ ಬಂದಿರ್ತದ, ನಡಕ ಬಿಸಲು ಬಡಿದ್ರ ದವಾಖಾನಿ ದಾರಿ. ಕೊಬ್ಬು ಕರಗಿಸೂ ಪುಡಿನೂ ಬ್ಯಾಡ. ಅದರಾಗ ಭಾಳ ಸಲ ಇರೂದು ಗಚ್ಚ ಕೆಫೀನ್, ಬಿಪಿ ಇದ್ದವನ ಎದಿ ಸುಮ್ನ ಕೂತಾಗನೂ ಓಡ್ತದ.

ಶುರು ಮಾಡೂ ಮೊದಲ ಬಿಪಿ ತೋರಸ್ರಿ. ಇಲ್ಲೊಂದು ಸೂಕ್ಷ್ಮ ಅದ. ದಪ್ಪ ತೋಳಿಗೆ ಬಿಪಿ ಮಷಿನ್ನಿನ ಸಾದಾ ಪಟ್ಟಿ ಸುತ್ತಿದ್ರ ಬಿಪಿ ಇದ್ದದ್ದಕ್ಕಿಂತ ಜಾಸ್ತಿ ತೋರಿಸ್ತದ. ತೋಳಿನ ಸುತ್ತಳತಿ 34 ಸೆಂ.ಮೀ. ದಾಟಿದ್ರ ದೊಡ್ಡ ಪಟ್ಟಿ ಹಾಕ್ರಿ ಅಂತ ಕೇಳ್ರಿ, ಸಂಕೋಚ ಬ್ಯಾಡ. 180/110 ದಾಟಿದ್ರ, ನಡೆದಾಗ ಎದಿ ನೋವು ಇಲ್ಲಾ ಕಣ್ಣಿಗೆ ಕತ್ತಲಿ ಬಂದ್ರ, ಮನ್ಯಾಗ ಯಾರರೆ ಸಣ್ಣ ವಯಸ್ಸಿನ್ಯಾಗ ಹಠಾತ್ ತೀರಿಕೊಂಡಿದ್ರ, ಮೊದಲ ಡಾಕ್ಟರ್, ಆಮ್ಯಾಲ ಕುರ್ಚಿ.

ತೂಕದ ಕಾಟಾ ದಿನಾ ಹತ್ತಬ್ಯಾಡ್ರಿ. ಸಿಂಪಿಗ್ಯಾರ ಟೇಪು ತಗೊಂಡು ತಿಂಗಳಿಗೊಮ್ಮೆ ಹೊಟ್ಟಿ ಅಳೀರಿ, ಉಸಿರು ಬಿಟ್ಟ ಮ್ಯಾಲ. ಎತ್ತರದ ಅರ್ಧದೊಳಗ ಬರೂದು ಗುರಿ: 170 ಸೆಂ.ಮೀ. ಇದ್ದವಗ 85. ಕಾಟಾ ಅಲ್ಲೇ ನಿಂತು ಟೇಪು ಇಳಿದ್ರ ಕೆಲಸ ಸುಸೂತ್ರ ನಡದದ ಅಂತ ತಿಳ್ಕೋರಿ.

ಹುಡುಗ್ಯಾರ ಹಾಸ್ಟೆಲಿನ್ಯಾಗ ಮೈದಾನದ್ದ ತ್ರಾಸು, ಮೈದಾನದಾಗ ಮಂದಿ ಮಾತಿನ ತ್ರಾಸು. ಮ್ಯಾಲ ಹೇಳಿದ್ದೆಲ್ಲಾ ಮಾಳಗಿ ಮ್ಯಾಲ ಆಗ್ತದ, ಓಡಣಿ ಮಾತ್ರ ತೆಗೆದಿಡ್ರಿ, ಟ್ಯೂಬಿಗೆ ಸಿಕ್ಕೊಂತದ.

ಇನ್ನು ಪರೀಕ್ಷಿ ಬಂದ್ರ ಎಲ್ಲಾ ಬಿಡ್ತಾರ. ಭಾರದ ಕೆಲಸ ವಾರಕ್ಕ 1 ದಿನ ಮಾಡಿದ್ರೂ ಶಕ್ತಿ ಭಾಳಷ್ಟು ಉಳೀತದ. ದಮ್ಮು ಹಂಗಲ್ಲ, ಪೂರಾ ಬಿಟ್ರ ಎರಡು-ಮೂರು ವಾರದಾಗ ಇಳೀಲಿಕ್ಕೆ ಹತ್ತತದ. ಅದಕ್ಕ ಓದಿ ಓದಿ ಬ್ಯಾಸರಾದಾಗ ಚಹಾದಂಗಡಿಗೆ ಹೋಗೂ 15 ನಿಮಿಷ ನಡಿಗಿಗೆ ಕೊಡ್ರಿ. ಪೂರಾ ಬಿಟ್ಟಿದ್ರ, ಕಡೇ ಪೇಪರ್ ಮುಗಿದ ಮರುದಿನ ಹಳೇ ಭಾರಕ್ಕ ಕೈ ಹಾಕಬ್ಯಾಡ್ರಿ, ಅರ್ಧದಿಂದ ಶುರು ಮಾಡ್ರಿ.