ನಿಂಬೆಹಣ್ಣಿನ ಸೈಜಿನ ಹೂಕೋಸು, ಯಾಕೆ ಹಿಂಗಾಯ್ತು? | ನಮ್ಮ ಮೈಸೂರಿನ ಹಿತ್ತಲು

ಹಾಂ, ಶುರು ಮಾಡೋಣ. ಬೆಳಿಗ್ಗೆ ಆರೂಮುಕ್ಕಾಲು, ಇನ್ನೂ ಮಂಜಿದೆ, ಅದಕ್ಕೆ ವಿಡಿಯೋ ಸ್ವಲ್ಪ ಮಬ್ಬು. ಗೊಬ್ಬರ ಹಾಕಿದ್ದು, ಪಾತಿ ಮಾಡಿದ್ದು ಎಲ್ಲಾ ನೋಡ್ತಿದ್ದೀರಲ್ಲ, ನಾನು ಈ ಎಡಗಡೆ ಸಾಲಿನ ಬಗ್ಗೆ ಮಾತಾಡ್ಬೇಕು.

ನೋಡಿ ಇದನ್ನ. ನಿಂಬೆಹಣ್ಣಿನಷ್ಟಿದೆ ಗಡ್ಡೆ, ಅಂದ್ರೆ ನಾವು ತಿನ್ನೋ ಹೂ, ಇನ್ನು ಬೆಳೆಯಲ್ಲ, ಇದಕ್ಕೆ ಬಟನಿಂಗ್ ಅಂತಾರೆ. ಒಂದ್ ಸಸಿಗೆ ಮೂರು ರೂಪಾಯಿ, 24 ಸಸಿ, 72 ರೂಪಾಯಿ, ದುಡ್ಡು ಹೋದ್ರೆ ಹೋಗ್ಲಿ, ಎರಡು ತಿಂಗಳು ದಿನಾ ಬಗ್ಗಿ ಬಗ್ಗಿ ಹುಳ ಆರಿಸಿದೀನಿ ಕಣ್ರೀ. ನವೆಂಬರಲ್ಲಿ ನರ್ಸರಿಗೆ ಹೋದಾಗ ಯಾವ ತಳಿ ಅಂತ ಕೇಳಿದ್ರೆ "ಗೋಬಿ, ಒಳ್ಳೇ ಗೋಬಿ" ಅಂದ್ರು ಅಷ್ಟೇ. ಟ್ರೇಯಿಂದ ಕಿತ್ತಾಗ ಬೇರು ಒಳಗೇ ಚಕ್ಕುಲಿ ಥರ ಸುತ್ಕೊಂಡಿತ್ತು, ಕಾಂಡ ಕಡ್ಡಿ ಆಗಿತ್ತು, ಕೆಳಗಿನ ಎಲೆ ಹಳದಿ. ಬಲಿತು ಹೋದ ಸಸಿ ಅದು. ನಾಲ್ಕೈದು ವಾರದೊಳಗೆ ನೆಡ್ಬೇಕಾದ್ದು, ಟ್ರೇನಲ್ಲೇ ಕೂತ್ರೆ ಗಿಡಕ್ಕೆ ಎಲೆ ಮಾಡೋಕೆ ಶಕ್ತಿನೇ ಇರಲ್ಲ, ಅವಸರದಲ್ಲಿ ಇಷ್ಟೇ ಇಷ್ಟು ಹೂ ಕಟ್ಟಿ ಮುಗಿಸುತ್ತೆ. ಅದ್ರ ಮೇಲೆ ಮಳೆಗಾಲದ ತಳಿ ಆಗಿದ್ರಂತೂ ಚಳಿಲಿ ನೆಟ್ರೆ ಬಟನ್ ಗ್ಯಾರಂಟಿ. ತಳಿ ಹೆಸರು ಹೇಳದೆ ಸಸಿ ಮಾರೋದು ತಪ್ಪು, ನನಗೆ ಇವತ್ತಿಗೂ ಸಿಟ್ಟಿದೆ.

ಬಲಗಡೆ ಇದಕ್ಕೆ ಉಲ್ಟಾ. ಪೂಸಾ ಸ್ನೋಬಾಲ್ ಅನ್ನೋ ತಳಿ, ಪ್ಯಾಕೆಟ್ ಮೇಲೆ ಹಾಲಿನಂಥಾ ಫೋಟೋ ನೋಡಿ ತಂದಿದ್ದು. ಎಲೆ ನೋಡಿ, ಆನೆ ಕಿವಿ ಥರ! ಗಡ್ಡೆ ಮಾತ್ರ ಇಲ್ಲ. ಅದಕ್ಕೆ ಗಡ್ಡೆ ಕಟ್ಟೋಕೆ 10ರಿಂದ 16 ಡಿಗ್ರಿ ಚಳಿ ಬೇಕು, ನಮ್ಮಲ್ಲಿ ಡಿಸೆಂಬರ್ ಹಗಲು 27 ಇರುತ್ತೆ. ಶಿಮ್ಲಾ ಕಡೆಯವರಿಗೆ ಸರಿ, ನಮಗಲ್ಲ. ಪೂಸಾ ಮೇಘನಾ ಥರದ್ದು 20ರಿಂದ 27 ಡಿಗ್ರಿಲೂ ಕಟ್ಟುತ್ತೆ, ನಮ್ಮ ಹವಾಗೆ ಅದೇ ಗುಂಪಿನದ್ದು ಬೇಕು. ಅದಕ್ಕೇ ಹೇಳ್ತೀನಿ, ಅಂಗಡಿಲಿ ಮೊದಲು ತಿಂಗಳು ಹೇಳಿ, ಆಮೇಲೆ ಬೀಜ ಕೇಳಿ.

ಅಂದಹಾಗೆ ಈ ತರಕಾರಿ ನಮ್ಮ ದೇಶಕ್ಕೆ ಬಂದಿದ್ದು 1822ರಲ್ಲಿ, ಇಂಗ್ಲೆಂಡಿನ ಕ್ಯೂ ಸಸ್ಯತೋಟದಿಂದ ಉತ್ತರ ಪ್ರದೇಶದ ಸಹಾರನ್‌ಪುರದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿ ತೋಟಕ್ಕೆ. ಅಲ್ಲಿಂದ ಇಲ್ಲಿನ ರೈತರೇ ವರ್ಷಾ ವರ್ಷಾ ಸೆಖೆ ತಡೆದ ಗಿಡದ ಬೀಜ ಇಟ್ಕೊಂಡು ಇಟ್ಕೊಂಡು ಬಿಸಿಲಿಗೆ ಹೊಂದೋ ತಳಿ ಮಾಡಿದ್ದು. ನಂಗೆ ಅದು ತುಂಬಾ ದೊಡ್ಡ ಕೆಲ್ಸ ಅನ್ಸುತ್ತೆ. ಈಗ ಪೂಸಾ ಬೀಟಾ ಕೇಸರಿ ಅಂತ ಕಿತ್ತಳೆ ಬಣ್ಣದ್ದೇ ಇದೆ, ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆದು, ಕ್ಯಾರೆಟ್‌ನಲ್ಲಿರೋ ಬೀಟಾ ಕ್ಯಾರೋಟಿನ್ನೇ ಅದರಲ್ಲೂ ಇರೋದು. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ 2024ರ ಮಾರ್ಚಲ್ಲಿ ನಮ್ಮ ಸರ್ಕಾರ ನಿಷೇಧ ಮಾಡ್ತಲ್ಲ, ಆಗಿಂದ ಮಗಳು ಕೇಳ್ತಾನೇ ಇದಾಳೆ, ಆ ಕೇಸರಿ ಗೋಬಿ ಬೆಳಿಯಮ್ಮ ಅಂತ. ಬೆಳೀತೀನಿ, ಬೀಜ ಸಿಗ್ಲಿ.

ಅಯ್ಯೋ ಬ್ಯಾಟರಿ ಕೆಂಪಾಯ್ತು, ಬೇಗ ಬೇಗ. ಮೂಲೇಲಿರೋ ಈ ಆರು ಗಿಡ ಹೈಬ್ರಿಡ್. ಹೋದ ವರ್ಷ ಹೈಬ್ರಿಡ್ ಮುಟ್ಟಲ್ಲ ಅಂದಿದ್ದೆ, ಆ ಮಾತು ವಾಪಸ್ ತಗೊಳ್ತೀನಿ, ಪ್ಯಾಕೆಟ್ ಮೇಲೆ ಬಿತ್ತೋ ತಿಂಗಳು ಬರೆದಿತ್ತು, ಅದೇ ತಿಂಗಳು ಬಿತ್ತಿದೆ, ಬಂತು. ಬೀಜ ಇಟ್ಕೊಳ್ಳೋಕಾಗಲ್ಲ ಅನ್ನೋದೊಂದೇ ಬೇಜಾರು. ಬಿಸಿಲು ಬಿದ್ದು ಹಳದಿ ಆಗ್ದೆ ಇರ್ಲಿ ಅಂತ ಎಲೆ ಮಡಚಿ ಬಾಳೆನಾರಲ್ಲಿ ಕಟ್ಟಿದ್ದೆ, ಬಿಚ್ತೀನಿ ನೋಡಿ... ಆಹಾ! ಅಂಗೈ ಅಗಲಕ್ಕಿಂತ ಜಾಸ್ತಿ, ಮೊಸರು ಹೆಪ್ಪು ಹಾಕಿದಂಗಿದೆ. ಇಲ್ಲೊಂದು ಹಸಿರು ಹುಳ ಇದೆ, ಇರಿ... ತೆಗೆದೆ. ಉಪ್ಪು ಅರಿಶಿನದ ನೀರಲ್ಲಿ ಹತ್ತು ನಿಮಿಷ ಮುಳುಗಿಸಿ ಇವತ್ತೇ ಬಟಾಣಿ ಜೊತೆ ಸಾಗು. ಎಲೆ ಬಿಸಾಕ್ಬೇಡಿ, ಎಳೇದು ಪಲ್ಯಕ್ಕೆ ಚೆನ್ನಾಗಿರುತ್ತೆ. ಕುಡುಗೋಲು ಎಲ್ಲಿಟ್ಟೆ...